ಹಲ್ಲು ದವಡೆಗಳ ಕ್ಷ-ಕಿರಣ ಚಿತ್ರ

ಎರಡು ವರುಷಗಳ ಹಿಂದಿನ ಮಾತು. ದ್ರಾಕ್ಷಿಯ ಚಾಟಣಿ ಮುಗಿದು ಪಡಗಳಲ್ಲಿ ಹೊಸ ಚಿಗುರು ಕಾಣಿಸಿಕೊಳ್ಳುತ್ತಿದ್ದ ದಿನಗಳಲ್ಲಿ ನಮ್ಮ ತಂಗಿಯ ಮಗನ ಬಲದವಡೆಯು ಮೆಲ್ಲಮೆಲ್ಲನೆ ಬಾತುಕೊಳ್ಳಹತ್ತಿತು. ಹುಡುಗನಿಗೆ ಆಗ ಇಪ್ಪತ್ತಮೂರನೆಯ ವರುಷ. ಗಟ್ಟಿಮುಟ್ಟಾದ ಆಳು, ಕಬ್ಬಿನ ಜಲ್ಲೆಯನ್ನು ಕುಡುಗೋಲಿನ ಹಂಗಿಲ್ಲದೆ ಹಲ್ಲಿನಿಂದಲೇ ಸಿಗಿದು ತಿನ್ನುವವನು. ಅವನಿಗೆ ನೋವಿರಲಿಲ್ಲ, ನೋವಿಲ್ಲದ್ದರಿಂದಲೇ ಮನೆಯವರಿಗೆ ಚಿಂತೆಯೂ ಇರಲಿಲ್ಲ. ಲವಂಗವಾಯಿತು, ಬಿಸಿ ಉಪ್ಪಿನ ಗಂಟಿನ ಶಾಖವಾಯಿತು, ಅಂಗಡಿಯಿಂದ ತಂದ ನಾಲ್ಕು ಗುಳಿಗೆಗಳೂ ಆದವು. ಬಾವು ಇಳಿಯಲಿಲ್ಲ. ಬರುವ ವೈಶಾಖಕ್ಕೆ ಅವನ ಲಗ್ನವು ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಒಮ್ಮೆ ಬಂದು ಹೋದ ಮೇಲೆ, ಹುಡುಗನ ಗಲ್ಲದಲ್ಲಿ ಏನೋ ಕೆಟ್ಟ ಗಂಟು ಇದೆಯೆಂಬ ಪಿಸುಮಾತು ಎರಡೂ ಊರುಗಳಲ್ಲಿ ಹರಡಿತು. ಆಗ ತಂಗಿಗೆ ಎಚ್ಚರವಾಯಿತು, ನಮ್ಮನ್ನು ಕರೆಯಿಸಿದಳು.

ಅಥಣಿಯ ದಂತವೈದ್ಯರೊಬ್ಬರಲ್ಲಿ ತೋರಿಸಿದೆವು. ಅವರು ಬಾಯಿಯನ್ನು ನೋಡಿ, ದವಡೆಯನ್ನು ಒತ್ತಿ, ಆ ಬದಿಯಲ್ಲಿ ಕಟ್ಟಕಡೆಯ ಹಲ್ಲು ಇನ್ನೂ ಹೊರಗೆ ಬಂದಿಲ್ಲವೆಂದು ಎಣಿಸಿ ತೋರಿಸಿ, ಕ್ಷ-ಕಿರಣದ ಚಿತ್ರ ತೆಗೆಯಬೇಕೆಂದರು. ತಂಗಿಯು ಕುಳಿತಲ್ಲಿಂದ ಎದ್ದೇ ಬಿಟ್ಟಳು. “ಅಣ್ಣಾ, ಲಗ್ನದ ಹುಡುಗ ಇವ. ಆ ಕಿರಣ ಮೈಯಾಗ ಹೊಕ್ಕು ನಾಳೆ ಮಕ್ಕಳು ಆಗದಿದ್ದರ ಯಾರು ಜವಾಬ್ದಾರಿ? ಇಲ್ಲದ ಕ್ಯಾನ್ಸರ್ ಅದರಿಂದನ ಬರತೈತಂತ” ಎಂದಳು. ಮೂವತ್ತು ವರುಷಗಳಿಗೆ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದ ನಮಗೆ ಅವಳಿಗೆ ಕೂಡಲೆ ಉತ್ತರ ಕೊಡಲಾಗಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳತಕ್ಕದ್ದು. ಶಬ್ದರೂಪಾವಳಿಯನ್ನು ಕೇಳಿದ್ದರೆ ಹೇಳುತ್ತಿದ್ದೆವು. ಆ ಮೇಲೆ ವೈದ್ಯರನ್ನು ಕೇಳಿಯೂ ಗ್ರಂಥಗಳನ್ನು ಓದಿಯೂ ತಿಳಿದುಕೊಂಡದ್ದನ್ನು ನಮ್ಮಂಥ ಗೃಹಸ್ಥರ ಸಲುವಾಗಿ ಬರೆಯುತ್ತಿದ್ದೇವೆ.

ಜರ್ಮನಿಯ ವ್ಯುರ್ತ್ಸ್‌ಬುರ್ಗ್ ಪಟ್ಟಣದಲ್ಲಿ ವಿಲ್ಹೆಲ್ಮ್ ರಂಟ್ಜೆನ್ ಎಂಬ ಪ್ರಾಧ್ಯಾಪಕರು 1895ನೆಯ ನವಂಬರ 8ರಂದು ಈ ಕಿರಣಗಳನ್ನು ಕಂಡುಹಿಡಿದರು. ಅವುಗಳ ಸ್ವರೂಪವು ಆಗ ತಿಳಿಯದಿದ್ದುದರಿಂದ, ಬೀಜಗಣಿತದಲ್ಲಿ ಅಜ್ಞಾತ ರಾಶಿಗೆ ಹಾಕುವ ಎಕ್ಸ್ ಎಂಬ ಅಕ್ಷರವನ್ನೇ ಅವುಗಳಿಗೆ ಹೆಸರಾಗಿಟ್ಟರು. ಕನ್ನಡದವರೂ ಮರಾಠಿಯವರೂ ಅದನ್ನು ‘ಕ್ಷ’ ಎಂದು ಮಾಡಿಕೊಂಡರು. ಶಾಲೆಯಲ್ಲಿ ‘ಕ್ಷ’ದ ಬೆಲೆಯನ್ನು ಕಂಡುಹಿಡಿಯಿರೆಂದು ಹುಡುಗರನ್ನು ಕಾಡಿಸುತ್ತಿದ್ದವರಿಗೆ ಈ ಹೆಸರು ಒಪ್ಪುವಂಥದೇ ಆಗಿದೆ. ಸುದ್ದಿಯು ಹೊರಬಿದ್ದ ಕೆಲವೇ ದಿನಗಳಲ್ಲಿ, 1896ರ ಜನೇವರಿಯಲ್ಲಿ, ಬ್ರೌನ್‌ಶ್ವೈಗ್ ಪಟ್ಟಣದ ದಂತವೈದ್ಯ ಒಟ್ಟೊ ವಾಲ್ಕೋಫ್ ಎಂಬವರು ಛಾಯಾಚಿತ್ರದ ಗಾಜಿನ ತುಂಡೊಂದನ್ನು ಕಪ್ಪು ಕಾಗದದಲ್ಲಿ ಸುತ್ತಿ ತಮ್ಮ ಬಾಯಲ್ಲಿಯೇ ಇಟ್ಟುಕೊಂಡು, ಇಪ್ಪತ್ತೈದು ನಿಮಿಷ ಅಲ್ಲಾಡದೆ ಕುಳಿತು ಹಲ್ಲಿನ ಚಿತ್ರವನ್ನು ತೆಗೆಯಿಸಿಕೊಂಡರು. ಈಗ ಅದೇ ಕೆಲಸಕ್ಕೆ ಒಂದು ಕ್ಷಣದ ಅಲ್ಪ ಭಾಗವು ಸಾಕಾಗುವದು.

ಈ ಚಿತ್ರವೆಂದರೆ ಒಂದು ನೆರಳು, ಅಷ್ಟೆ. ಕಂದೀಲಿನ ಮುಂದೆ ಕೈ ಹಿಡಿದರೆ ಗೋಡೆಯ ಮೇಲೆ ನೆರಳು ಬೀಳುವದಷ್ಟೆ? ಕಂದೀಲಿನ ಬೆಳಕು ಕೈಯನ್ನು ದಾಟದು. ಕ್ಷ-ಕಿರಣವಾದರೆ ಮಾಂಸವನ್ನು ಸುಲಭವಾಗಿ ದಾಟುವದು, ಎಲುಬನ್ನು ಕಷ್ಟದಿಂದ ದಾಟುವದು, ಲೋಹವನ್ನು ಬಹುತರ ದಾಟಲಾರದು. ದಾಟಿ ಬಂದಲ್ಲಿ ಚಿತ್ರವು ಕಪ್ಪಾಗುವದು. ತಡೆದಲ್ಲಿ ಬೆಳ್ಳಗೆ ಉಳಿಯುವದು. ನಮ್ಮ ದೇಹದಲ್ಲಿ ಹಲ್ಲಿನ ಮೇಲ್ಪದರಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ. ಆದ್ದರಿಂದ ಅದು ಎಲ್ಲಕ್ಕೂ ಬೆಳ್ಳಗೆ ಕಾಣುವದು. ಅದರೊಳಗಿನ ದಂತದ್ರವ್ಯವು ತುಸು ಮಂದ. ನರ-ರಕ್ತನಾಳಗಳಿರುವ ನಡುವಣ ಕೊಳವೆಯು ಕಪ್ಪು ಗೆರೆ. ಹುಳುಕು ಹಿಡಿದಲ್ಲಿ ಖನಿಜವು ಕರಗಿರುವದರಿಂದ ಅಲ್ಲಿಯೂ ಕಪ್ಪು. ಬೇರಿನ ತುದಿಯಲ್ಲಿ ಕೀವು ನೆಲೆಸಿ ಎಲುಬು ಸವೆದಿದ್ದರೆ ಅಲ್ಲೊಂದು ಕಪ್ಪು ಮಚ್ಚೆ. ವೈದ್ಯರು ಓದುವದು ಈ ಕಪ್ಪು-ಬಿಳುಪುಗಳ ಲಿಪಿಯನ್ನೇ.

ಸುಶ್ರುತ ಸಂಹಿತೆಯು ಬಾಯಿಯ ರೋಗಗಳನ್ನು ಏಳು ಸ್ಥಾನಗಳಲ್ಲಿ ಅರವತ್ತೈದೆಂದು ಎಣಿಸಿದೆ. ಅವುಗಳಲ್ಲಿ ಹಲ್ಲಿನ ಮೂಲದವೇ ಹದಿನೈದು. ದವಡೆಯ ಕಡೆಯ ಹಲ್ಲಿನ ಬಳಿ ದೊಡ್ಡ ಬಾವು, ದೊಡ್ಡ ನೋವು, ಜೊಲ್ಲು ಸುರಿಯುವಿಕೆಗಳಾದರೆ ಅದಕ್ಕೆ ಅಧಿಮಾಂಸವೆಂದು ಹೆಸರು ಕೊಟ್ಟಿದೆ. ಇಂದಿನ ವೈದ್ಯರು ಬುದ್ಧಿಹಲ್ಲಿನ ಬಾವಿನ ವಿಷಯವಾಗಿ ಹೇಳುವದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ಕೀವಿನ ದಾರಿ ಎಷ್ಟು ಆಳಕ್ಕೆ ಹೋಗಿದೆಯೆಂಬುದನ್ನು ಆಗಿನವರು ಏಷಣಿಯೆಂಬ ಸಲಾಕೆಯನ್ನು ಹಾಕಿ ನೋಡುತ್ತಿದ್ದರು. ಅಷ್ಟು ಸೂಕ್ಷ್ಮವಾಗಿ ನೋಡಿದವರಿಗೂ ಎಲುಬಿನೊಳಗೆ ಹೂತ ಹಲ್ಲನ್ನು ಬದುಕಿರುವ ಮನುಷ್ಯನಲ್ಲಿ ನೋಡುವ ಉಪಾಯವಿರಲಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತೆಂದು ಸಾಧಿಸುವ ಮಿತ್ರರು ನಮಗೆ ಇದ್ದಾರೆ. ಈ ಒಂದು ವಿಷಯದಲ್ಲಿ ಅವರು ಸುಮ್ಮನಿರುವದು ಲೇಸು.

ನಮ್ಮ ಹುಡುಗನ ಬಾಯಲ್ಲಿ ಮೊದಲು ತೆಗೆದದ್ದು ಸಣ್ಣ ಚಿತ್ರ. ಅಂಚೆಯ ಚೀಟಿಗಿಂತ ತುಸು ದೊಡ್ಡದಾದ ಫಿಲ್ಮನ್ನೋ, ಈಗಿನ ಕಾಲದಲ್ಲಿ ತಂತಿ ಜೋಡಿಸಿದ ಒಂದು ಪಟ್ಟಿಯನ್ನೋ ಹಲ್ಲಿನ ಒಳಮಗ್ಗುಲಲ್ಲಿ ಹಿಡಿಸಿ, ಹೊರಗಿನಿಂದ ಕಿರಣವನ್ನು ಬಿಡುವರು. ಮೂರು ನಾಲ್ಕು ಹಲ್ಲುಗಳು ಬೇರಿನ ಸಮೇತ ಬಹಳ ಸ್ಪಷ್ಟವಾಗಿ ಮೂಡುವವು. ಒಂದೆರಡು ಹಲ್ಲುಗಳ ನೋವಿಗೆ, ಬೇರಿನ ಕೊಳವೆಯ ಚಿಕಿತ್ಸೆಗೆ ಇಷ್ಟೇ ಸಾಕು. ಆದರೆ ಇವನ ಚಿತ್ರದ ಮೂಲೆಯಲ್ಲಿ ಒಂದು ಕಪ್ಪು ನೆರಳಿನ ಅಂಚು ಮಾತ್ರ ಕಾಣಿಸಿ, ಉಳಿದದ್ದು ಚೌಕಟ್ಟಿನ ಹೊರಗೆ ಹೋಗಿತ್ತು. ವೈದ್ಯರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಡೆಗೆ, “ಇದು ಇಲ್ಲಿ ಮುಗಿಯುವದಲ್ಲ, ವಿಜಯಪುರಕ್ಕೆ ಹೋಗಿರಿ, ಅಲ್ಲಿಯ ವರೆಗೆ ಕಬ್ಬು ಕಚ್ಚುವದು ಬೇಡ” ಎಂದರು. ಆ ಕಡೆಯ ಮಾತಿನ ಅರ್ಥವು ನಮಗೆ ಆಗ ಹೊಳೆಯಲಿಲ್ಲ.

ವಿಜಯಪುರದಲ್ಲಿ ತೆಗೆದದ್ದು ಓಪಿಜಿ ಎಂದು ಎಲ್ಲರೂ ಕರೆಯುವ ದೊಡ್ಡ ಚಿತ್ರ. ಇದರಲ್ಲಿ ಬಾಯೊಳಗೆ ಫಿಲ್ಮನ್ನು ಇಡುವದಿಲ್ಲ. ರೋಗಿಯು ನೆಟ್ಟಗೆ ನಿಂತು, ಗದ್ದವನ್ನು ಆಧಾರದ ಮೇಲಿಟ್ಟು, ಸಣ್ಣದೊಂದು ಕಡ್ಡಿಯನ್ನು ಮುಂದಿನ ಹಲ್ಲುಗಳಿಂದ ಕಚ್ಚಿ ಹಿಡಿಯಬೇಕು. ಯಂತ್ರದ ತೋಳು ಹದಿನೈದು ಸೆಕೆಂಡುಗಳ ಆಚೀಚೆ ತಲೆಯ ಸುತ್ತ ಪ್ರದಕ್ಷಿಣೆ ಹಾಕುವದು. ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡದ ವರೆಗೆ ಎರಡೂ ದವಡೆಗಳು, ಎಲ್ಲ ಹಲ್ಲುಗಳು, ಮೂಗಿನ ಬದಿಯ ಪೊಳ್ಳುಗಳು ಒಂದೇ ಹಾಳೆಯಲ್ಲಿ ಬಿಡಿಸಿಟ್ಟಂತೆ ಬರುವವು. ಈ ಪದ್ಧತಿಯನ್ನು ಕಳೆದ ಶತಮಾನದ ನಡುವಿನಲ್ಲಿ ರೂಢಿಗೆ ತಂದವರು ಫಿನ್‌ಲಂಡ್ ದೇಶದ ಇರ್ಯೊ ಪಾಟೆರೊ. ಗುಟಕಾ-ಅಡಿಕೆಗಳಿಂದ ಒಳಗಲ್ಲವು ಬಿಗಿದು ಬಾಯಿಯೇ ತೆರೆಯಲಾಗದವರಿಗೂ ಈ ಚಿತ್ರವನ್ನು ತೆಗೆಯಬಹುದು. ದುರ್ದೈವದಿಂದ ಅಂಥವರು ನಮ್ಮ ಭಾಗದಲ್ಲಿ ಕಡಮೆ ಇಲ್ಲ.

ಇಲ್ಲಿ ಗೃಹಿಣಿಯರಿಗೆ ಒಂದು ಮಾತು. ಓಪಿಜಿಗೆ ಹೋಗುವಾಗ ಬೆಂಡೋಲೆ, ಮೂಗುತಿ, ತಲೆಯ ಪಿನ್ನು, ಕಟ್ಟಿಸಿದ ಹಲ್ಲಿನ ಸೆಟ್ಟು, ಕೊರಳ ಲೋಹದ ಸರ, ಇವೆಲ್ಲವನ್ನೂ ತೆಗೆಯಬೇಕಾಗುವದು. ಬಲಗಿವಿಯ ಓಲೆಯು ಬಲಗಡೆ ಮಾತ್ರವಲ್ಲ, ತುಸು ಮೇಲೆ ಸರಿದು ಎಡಗಡೆಯೂ ಮಸುಕಾಗಿ ಮೂಡುವದು. ವೈದ್ಯರು ಅದಕ್ಕೆ ಭೂತದ ನೆರಳೆನ್ನುವರಂತೆ. ನಮ್ಮ ಮನೆಯವರು ಹಲ್ಲು ಕಟ್ಟಿಸುವಾಗ ತವರಿನ ಬೆಂಡೋಲೆಯನ್ನು ತೆಗೆಯಲೊಲ್ಲದೆ, ಆ ಭೂತದ ದೆಸೆಯಿಂದ ಎರಡನೆಯ ಸಲ ಚಿತ್ರ ತೆಗೆಯಿಸಬೇಕಾಯಿತು. ತಾಳಿಯನ್ನು ತೆಗೆಯಲು ಮನಸ್ಸೊಪ್ಪದವರು ಆ ದಿನದ ಮಟ್ಟಿಗೆ ಅದನ್ನು ಅರಿಷಿಣದ ನೂಲಿಗೆ ಪೋಣಿಸಿ ಎದೆಯ ಮೇಲೆ ಕೆಳಗಿಳಿಯುವಂತೆ ಕಟ್ಟಿಕೊಂಡು ಹೋಗಬಹುದು.

ಆ ದೊಡ್ಡ ಚಿತ್ರದಲ್ಲಿ ಕಂಡದ್ದನ್ನು ನಾವು ಮರೆಯುವಂತಿಲ್ಲ. ಬಲದವಡೆಯ ಮೂಲೆಯಲ್ಲಿ ನಿಂಬೆಯ ಹಣ್ಣಿನಷ್ಟು ದೊಡ್ಡ ಕಪ್ಪು ಪೊಳ್ಳು. ಅದರ ತಳದಲ್ಲಿ, ಬಾವಿಯಲ್ಲಿ ಬಿದ್ದ ಕೊಡದಂತೆ, ಅಡ್ಡಬಿದ್ದ ಬುದ್ಧಿಹಲ್ಲು. ಎಲುಬು ಉಳಿದದ್ದು ಕೆಳಗಡೆ ಒಂದು ತೆಳು ಗೆರೆಯಷ್ಟು ಮಾತ್ರ. “ಇದು ಮೊಟ್ಟೆಯ ಸಿಪ್ಪೆಯಂತಾಗಿದೆ, ಗಟ್ಟಿ ವಸ್ತುವನ್ನು ಕಡಿದರೆ, ಆಡುವಾಗ ಒಂದು ಏಟು ಬಿದ್ದರೆ ದವಡೆ ಮುರಿಯುವದು” ಎಂದು ಅಲ್ಲಿಯ ಶಸ್ತ್ರವೈದ್ಯರು ಹೇಳಿದಾಗ ಕಬ್ಬಿನ ಮಾತಿನ ಅರ್ಥವಾಯಿತು. ಹುಟ್ಟದೆ ಉಳಿದ ಹಲ್ಲಿನ ಸುತ್ತಲೂ ದ್ರವದ ಚೀಲವು ಕಟ್ಟಿಕೊಂಡು, ವರುಷಗಟ್ಟಲೆ ಸದ್ದಿಲ್ಲದೆ ಬೆಳೆದು ಎಲುಬನ್ನು ಸವೆಸುವದುಂಟು. ನೋವಿಲ್ಲದಿರುವದೇ ಅದರ ಮೋಸ.

ಹಾಗಾದರೆ ಚಿತ್ರವು ರೋಗದ ಹೆಸರನ್ನು ಹೇಳಿತೆ? ಇಲ್ಲ. ಇಂಥದೇ ಕಪ್ಪು ಪೊಳ್ಳು ನಿರುಪದ್ರವಿಯಾದ ಚೀಲದಿಂದಲೂ ಆಗಬಹುದು, ತೆಗೆದರೂ ಮರಳಿ ಬರುವ ಹಟಮಾರಿ ಚೀಲದಿಂದಲೂ ಆಗಬಹುದು, ದವಡೆಯ ಒಂದು ಬಗೆಯ ಗಡ್ಡೆಯಿಂದಲೂ ಆಗಬಹುದು. ನೆರಳುಗಳು ಒಂದನ್ನೊಂದು ಹೋಲುವವು. ಆದುದರಿಂದ ಸಣ್ಣದೊಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ಹೊರತು ನಿಶ್ಚಯವಿಲ್ಲವೆಂದು ಹೇಳಿದರು. ಅದರ ಉತ್ತರ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ತಂಗಿಯ ಮನೆಯಲ್ಲಿ ಒಲೆ ಹೊತ್ತಿದ್ದು ಮಾತ್ರ ನಿಜ. ಉಂಡವರು ಯಾರೋ ತಿಳಿಯದು.

ಮೂರನೆಯ ಬಗೆಯ ಚಿತ್ರವೂ ಈ ನಡುವೆ ಆಯಿತು. ಕೆಳದವಡೆಯ ಎಲುಬಿನೊಳಗೆ ಒಂದು ನಾಲೆಯಿದ್ದು, ಅದರಲ್ಲಿ ಕೆಳತುಟಿಗೆ ಸ್ಪರ್ಶಜ್ಞಾನವನ್ನು ಕೊಡುವ ನರವು ಹರಿಯುವದು. ಅದು ಹಲ್ಲಿನ ಹಿಂದಿದೆಯೋ ಮುಂದಿದೆಯೋ ಎಂಬುದು ಚಪ್ಪಟೆಯಾದ ಚಿತ್ರದಲ್ಲಿ ತಿಳಿಯುವದಿಲ್ಲ. ಶಸ್ತ್ರವೈದ್ಯರಿಗೆ ತಿಳಿಯದಿದ್ದರೆ ತುಟಿಯು ಜೀವಮಾನವೆಲ್ಲ ಜೋಮು ಹಿಡಿದಂತೆ ಉಳಿಯಬಹುದು. ಶಂಕುವಿನ ಆಕಾರದ ಕಿರಣವನ್ನು ಸುತ್ತ ತಿರುಗಿಸಿ, ಗಣಕಯಂತ್ರದಿಂದ ಮುಖದ ಎಲುಬನ್ನು ಉದ್ದ-ಅಗಲ-ಆಳಗಳಲ್ಲಿ ಕಟ್ಟಿ ತೋರಿಸುವ ಸಿಬಿಸಿಟಿ ಎಂಬ ಪದ್ಧತಿಯು ಕಳೆದ ಶತಮಾನದ ಕಡೆಯ ದಶಕದಲ್ಲಿ ಇಟಲಿಯಿಂದ ಬಂದಿತು. ಇದು ಎಲ್ಲರಿಗೂ ಬೇಕಾದುದಲ್ಲ. ಇಂಥ ಪ್ರಸಂಗಕ್ಕೆ, ಹಲ್ಲು ನೆಡುವ ಮೊದಲು ಎಲುಬನ್ನು ಅಳೆಯುವದಕ್ಕೆ ಬೇಕಾದೀತು.

ಇನ್ನು ತಂಗಿಯ ಪ್ರಶ್ನೆಗೆ ಬರೋಣ. ಕಿರಣದಿಂದ ಕೇಡಿಲ್ಲವೆಂದು ಹೇಳಿದರೆ ಸುಳ್ಳಾದೀತು. ಅಮೇರಿಕೆಯ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ ಎಂಬವರು 1896ರಲ್ಲಿಯೇ ಈ ಯಂತ್ರವನ್ನು ಹೂಡಿ, ಪ್ರತಿ ಸಲವೂ ತಮ್ಮ ಕೈಯನ್ನೇ ಕಿರಣಕ್ಕೆ ಒಡ್ಡಿ ಅದನ್ನು ಹದಮಾಡಿಕೊಳ್ಳುತ್ತಿದ್ದರು. ವರುಷಗಳ ತರುವಾಯ ಕೈಗೆ ಅರ್ಬುದವಾಗಿ ಬೆರಳುಗಳು ಹೋದವು, ಆ ಮೇಲೆ ಕೈಯೂ ಹೋಯಿತು. ಆ ಯಾತನೆಯಲ್ಲಿ 1928ರಲ್ಲಿ ತಾವೇ ಪ್ರಾಣವನ್ನು ಕಳೆದುಕೊಂಡರು. ನಮ್ಮ ಭಯಕ್ಕೆ ಮೂಲವು ಇಂಥ ನಿಜವಾದ ಕಥೆಗಳೇ. ಆದರೆ ಕೇಡಿನ ಪ್ರಮಾಣವು ಕಿರಣದ ಪ್ರಮಾಣವನ್ನು ಹೊಂದಿದೆ. ಅದನ್ನು ಅಳೆಯುವ ಮಾನಕ್ಕೆ ಸೀವರ್ಟ್ ಎಂದು ಹೆಸರು. ಅದರ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶ, ನಾವು ಉಣ್ಣುವ ಅನ್ನ, ಇವುಗಳಿಂದ ಮನುಷ್ಯನಿಗೆ ಬೇಡವೆಂದರೂ ವರುಷಕ್ಕೆ ಸರಾಸರಿ 2,400 ಮೈಕ್ರೋಸೀವರ್ಟ್, ಅಂದರೆ ದಿನಕ್ಕೆ ಆರೇಳು, ತಗಲುತ್ತಲೇ ಇರುವದು. ಹಲ್ಲಿನ ಸಣ್ಣ ಚಿತ್ರಕ್ಕೆ ಐದರ ಆಚೀಚೆ. ಹೀಗೆಂದರೆ ಒಂದು ದಿನ ಸುಮ್ಮನೆ ಬದುಕಿದ್ದರೂ ಅಷ್ಟು ಬಂದೇ ಬರುವದು. ಓಪಿಜಿಗೆ ಸುಮಾರು 20, ಮೂರು ದಿನಗಳ ಲೆಕ್ಕ. ಸಿಬಿಸಿಟಿಯಲ್ಲಿ ಯಂತ್ರಕ್ಕೂ ನೋಡಬೇಕಾದ ಭಾಗದ ವಿಸ್ತಾರಕ್ಕೂ ತಕ್ಕಂತೆ ಕೆಲವು ಹತ್ತುಗಳಿಂದ ಕೆಲವು ನೂರುಗಳ ವರೆಗೆ ಏರುವದು. ಆದ್ದರಿಂದಲೇ ಅದನ್ನು ವಿಚಾರಿಸದೆ ತೆಗೆಯಿಸಬಾರದು. ಕಿರಣದ ಗುರಿಯು ಮುಖವೇ ಆಗಿರುವದರಿಂದ ಹೊಟ್ಟೆಗಾಗಲಿ ಅದರ ಕೆಳಗಾಗಲಿ ಮುಟ್ಟುವದು ಲೆಕ್ಕಕ್ಕೆ ಬಾರದಷ್ಟು. ಗರ್ಭಿಣಿಯರು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು; ಆದರೆ ಬೇರಿನಲ್ಲಿ ಕೀವು ತುಂಬಿರುವಾಗ, ಚಿತ್ರದ ಭಯದಿಂದ ಹೆರಿಗೆಯ ವರೆಗೆ ಚಿಕಿತ್ಸೆಯನ್ನು ಮುಂದೂಡುವದು ತಾಯಿಗೂ ಕೂಸಿಗೂ ಒಳಿತಲ್ಲ.

ಯಂತ್ರ ನಡೆಸುವವರು ತಾವು ಮರೆಗೆ ಹೋಗುವರಲ್ಲ, ನಮ್ಮನ್ನು ಮಾತ್ರ ನಿಲ್ಲಿಸುವರಲ್ಲ ಎಂಬ ಸಂಶಯವನ್ನು ಅನೇಕರು ಆಡಿ ತೋರಿಸುವರು. ನಮಗೆ ಅದು ವರುಷಕ್ಕೊಮ್ಮೆ. ಅವರಿಗೆ ದಿನಕ್ಕೆ ಹತ್ತಾರು ಸಲ. ಸೀಸದ ಮೇಲಂಗಿಯ ಬಗೆಗೂ ಈಚೆಗೆ ಅಭಿಪ್ರಾಯ ಬದಲಾಗಿದೆ. ಯಂತ್ರಗಳು ಸುಧಾರಿಸಿ ಕಿರಣವು ಬೇಕಾದಲ್ಲಿಗೆ ಮಾತ್ರ ಹೋಗುವಂತಾದ್ದರಿಂದ, 2024ರಲ್ಲಿ ಅಮೇರಿಕೆಯ ದಂತವೈದ್ಯರ ಸಂಘವು ಅಂಗಿಯೂ ಕೊರಳಪಟ್ಟಿಯೂ ಇನ್ನು ಅವಶ್ಯವಲ್ಲವೆಂದು ಹೇಳಿತು. ಕೊರಳಪಟ್ಟಿಯು ಓಪಿಜಿಯಲ್ಲಿ ಅಡ್ಡ ಬಂದು ಚಿತ್ರವನ್ನೇ ಕೆಡಿಸುವದುಂಟು. ನಮ್ಮ ದೇಶದಲ್ಲಿ ಈ ಯಂತ್ರಗಳ ಮೇಲೆ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ಅಂಕುಶವಿದೆ. ಗೃಹಸ್ಥರು ಕೇಳಬೇಕಾದ ಪ್ರಶ್ನೆಯು ಅಂಗಿಯದಲ್ಲ, “ಈ ಚಿತ್ರದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುವದು? ಹಿಂದೆ ತೆಗೆದ ಚಿತ್ರವು ಸಾಲದೆ?” ಎಂಬುದು. ಬಾಯಿ ತೆರೆಸಿ ನೋಡುವ ಮೊದಲೇ ಚಿತ್ರಕ್ಕೆ ಕಳಿಸುವವರಲ್ಲಿ ನಮಗೆ ವಿಶ್ವಾಸವು ಕಡಮೆ.

ಚಿತ್ರವಿಲ್ಲದೆ ಆಗುವ ಅನರ್ಥಕ್ಕೆ ನಾವೇ ಸಾಕ್ಷಿ. ನಮಗೆ ಮೂವತ್ತು ವರುಷವಾಗಿದ್ದಾಗ ಮೇಲ್ದವಡೆಯ ಎಡಗಡೆ ವಿಪರೀತ ನೋವು. ಬಗ್ಗಿದರೆ ನಾಲ್ಕೂ ಹಲ್ಲುಗಳು ಒಟ್ಟಿಗೆ ಜುಮ್ಮೆನ್ನುವವು. ಸಂತೆಯಲ್ಲಿ ಕುಳಿತು ಹಲ್ಲು ಕೀಳುವವನೊಬ್ಬನು ಇದ್ದುದರಲ್ಲಿ ಒಂದನ್ನು ಆರಿಸಿ ಕಿತ್ತು ಕೈಗೆ ಕೊಟ್ಟನು. ಮುತ್ತಿನಂಥ ಹಲ್ಲು, ಹುಳುಕಿನ ಸುಳಿವಿಲ್ಲ. ನೋವು ಇದ್ದಲ್ಲಿಯೇ ಇತ್ತು. ಆ ಮೇಲೆ ಮಿರಜಿಗೆ ಹೋದಾಗ, ಗದ್ದವನ್ನು ಎತ್ತಿ ಹಲಗೆಗೆ ತಾಗಿಸಿ ಮುಖದ ಚಿತ್ರವನ್ನು ತೆಗೆದರು. ಕಣ್ಣಿನ ಕೆಳಗೆ ಗಲ್ಲದ ಎಲುಬಿನಲ್ಲಿ ಗಾಳಿ ತುಂಬಿದ ಪೊಳ್ಳು ಎಲ್ಲರಿಗೂ ಇರುವದು. ಚಿತ್ರದಲ್ಲಿ ಅದು ಕಪ್ಪಗೆ ಕಾಣಬೇಕು. ನಮ್ಮ ಬಲಗಡೆಯದು ಕಪ್ಪಗಿತ್ತು. ಎಡಗಡೆಯದು ಮಸುಕು ಬಿಳುಪು. ಪೀನಸದ ಕೀವು ತುಂಬಿತ್ತು! ಮೇಲಿನ ದವಡೆಹಲ್ಲುಗಳ ಬೇರುಗಳು ಆ ಪೊಳ್ಳಿನ ನೆಲಕ್ಕೆ ಬಲು ಹತ್ತಿರ; ಅದು ಬಾತರೆ ಹಲ್ಲು ನೋಯುವದು. ಹತ್ತು ದಿನಗಳ ಔಷಧದಿಂದ ಗುಣವಾಯಿತು. ಹಲ್ಲು ಮಾತ್ರ ತಿರುಗಿ ಬರಲಿಲ್ಲ.

ಮಕ್ಕಳಿರುವ ಮನೆಯವರು ಇನ್ನೊಂದನ್ನು ಲಕ್ಷ್ಯದಲ್ಲಿಡಬೇಕು. ಹುಡುಗನು ಸಾಯಕಲ್ಲಿನಿಂದ ಬಿದ್ದು ಗದ್ದ ಒಡೆದುಕೊಂಡರೆ ನಾವು ಗದ್ದಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗುವೆವು. ಗದ್ದಕ್ಕೆ ಬಿದ್ದ ಏಟು ದವಡೆಯಗುಂಟ ಹೋಗಿ ಕಿವಿಯ ಮುಂದಿನ ಕೀಲಿನ ಬಳಿ ಎಲುಬನ್ನು ಮುರಿಯುವದು ಅಪರೂಪವಲ್ಲ. ಅದು ತಿಳಿಯದೆ ಹೋದರೆ ಕೀಲು ಕ್ರಮೇಣ ಬೆಸೆದುಕೊಂಡು ಬಾಯಿ ತೆರೆಯದಾಗಬಹುದು. ಬೆಳೆಯುವ ವಯಸ್ಸಾದ್ದರಿಂದ ದವಡೆಯು ಕುಂಠಿತವಾಗಲೂ ಬಹುದು. ಬಿದ್ದ ಮೇಲೆ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ, ಬಾಯಿ ತೆರೆಯುವಾಗ ಗದ್ದವು ಒಂದು ಬದಿಗೆ ಸರಿದರೆ, ಕಿವಿಯ ಮುಂದೆ ನೋವೆಂದರೆ ಚಿತ್ರ ತೆಗೆಯಿಸದೆ ಬಿಡಬಾರದು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರುಗಳಿಗೆ ಗುದ್ದಿ ಮುಖದ ಎಲುಬು ಮುರಿದುಕೊಂಡು ಬರುವ ತರುಣರ ಮಾತನ್ನು ಇಲ್ಲಿ ಬೆಳೆಸುವದಿಲ್ಲ. ಅವರಿಗೆ ಸಿಟಿ ಎಂಬ ದೊಡ್ಡ ಪರೀಕ್ಷೆಯೇ ಬೇಕಾಗುವದು, ಅದಕ್ಕೂ ಮೊದಲು ತಲೆಗೆ ಶಿರಸ್ತ್ರಾಣ.

ಚಿತ್ರದ ಕುರುಡುತನವನ್ನೂ ಹೇಳಬೇಕು. ಹಲ್ಲಿನ ಖನಿಜದಲ್ಲಿ ಶೇಕಡಾ 30-40ರಷ್ಟು ಕರಗುವ ವರೆಗೆ ಹುಳುಕು ಅದರಲ್ಲಿ ಕಾಣದು. ಒಸಡು, ನಾಲಿಗೆ, ಒಳಗಲ್ಲಗಳ ಮಾಂಸವು ಅದರಲ್ಲಿ ಬಹುತರ ಮೂಡುವದೇ ಇಲ್ಲ. ನಿಪ್ಪಾಣಿಯ ಕಡೆಯ ತಂಬಾಕು ನಮ್ಮ ಜಿಲ್ಲೆಯ ಹೆಸರುವಾಸಿಯಾದ ಬೆಳೆ. ಅದನ್ನು ಸುಣ್ಣದೊಡನೆ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವವರ ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ ಎದ್ದು, ಹುಣ್ಣು ಎರಡು ಮೂರು ವಾರವಾದರೂ ಮಾಯದಿದ್ದರೆ, “ಓಪಿಜಿ ಚೊಕ್ಕಟ ಬಂದಿದೆ” ಎಂದು ಸಮಾಧಾನ ಪಡುವದು ಘಾತಕ. ಅಲ್ಲಿ ಬೇಕಾದದ್ದು ವೈದ್ಯರ ಕಣ್ಣು, ಬೆರಳು, ಮಾಂಸದ ಚೂರಿನ ಪರೀಕ್ಷೆ.

ಹತ್ತನೆಯ ದಿನ ಹುಡುಗನ ಪರೀಕ್ಷೆಯ ಉತ್ತರ ಬಂದಿತು. ಹಲ್ಲಿನ ಸುತ್ತ ಕಟ್ಟಿದ ಸಾದಾ ಚೀಲ, ಕೆಟ್ಟದ್ದೇನೂ ಇಲ್ಲ. ದವಡೆಯು ತೀರ ತೆಳುವಾಗಿದ್ದುದರಿಂದ ಒಮ್ಮೆಲೆ ಎಲ್ಲವನ್ನೂ ತೆಗೆಯದೆ, ಚೀಲಕ್ಕೊಂದು ಕಿಟಕಿಯನ್ನು ಮಾಡಿ ಸಣ್ಣ ಕೊಳವೆಯನ್ನು ಇಟ್ಟರು. ಒಳಗಿನ ಒತ್ತಡವು ಇಳಿದರೆ ಎಲುಬು ತಾನೇ ತುಂಬಿ ಬರುವದಂತೆ. ದಿನವೂ ಅದನ್ನು ತೊಳೆಯಬೇಕು, ಮೆತ್ತಗಿನದನ್ನು ಉಣ್ಣಬೇಕು. ರೊಟ್ಟಿಯ ಊರಿನಲ್ಲಿ ಹುಟ್ಟಿದವನು ಆರು ತಿಂಗಳು ನುಚ್ಚು ಅಂಬಲಿಗಳಲ್ಲಿ ಕಳೆದನು. ವೈಶಾಖದ ಮುಹೂರ್ತವು ತಪ್ಪಿತು. ನಾವು ಬೀಗರ ಮನೆಗೆ ಚಿತ್ರವನ್ನೂ ಪರೀಕ್ಷೆಯ ಕಾಗದವನ್ನೂ ತೆಗೆದುಕೊಂಡು ಹೋದೆವು. ಹೆಣ್ಣಿನ ತಂದೆಯು ಅಂಗಳಕ್ಕೆ ಬಂದು, ಫಿಲ್ಮನ್ನು ಬಿಸಿಲಿಗೆ ಹಿಡಿದು, ಅಡ್ಡಬಿದ್ದ ಹಲ್ಲನ್ನು ತಾವೇ ಬೆರಳಿಟ್ಟು ಗುರುತಿಸಿದರು. “ಮಾಸ್ತರ, ಇದು ಹಲ್ಲಿನ ಮಾತೇ ಆದರ ಮುಂದಿನ ವರ್ಷ ಮಾಡೂಣು” ಎಂದರು. ಮಗಳು ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ಆರು ತಿಂಗಳ ಮೇಲೆ ತೆಗೆದ ಓಪಿಜಿಯಲ್ಲಿ ಪೊಳ್ಳು ಅರ್ಧಕ್ಕಿಂತ ಕಡಮೆಯಾಗಿ, ಅಂಚಿನಲ್ಲಿ ಹೊಸ ಎಲುಬಿನ ಮಸುಕು ಬಿಳುಪು ಕಂಡಿತು. ಆ ಮೇಲೆ ಹಲ್ಲನ್ನೂ ಉಳಿದ ಚೀಲವನ್ನೂ ತೆಗೆದರು. ತುಟಿಯು ಒಂದೆರಡು ತಿಂಗಳು ಜೋಮು ಹಿಡಿದಂತಿದ್ದು ಸರಿಯಾಯಿತು. ಲಗ್ನವು ಈ ವರುಷ ಆಯಿತು. ವೈದ್ಯರು ವರುಷಕ್ಕೊಂದು ಚಿತ್ರ ತೆಗೆಯಿಸಿ ನೋಡಿಸಿಕೊಳ್ಳಲು ಹೇಳಿದ್ದಾರೆ. ಹಳೆಯದರ ಪಕ್ಕಕ್ಕೆ ಹೊಸದನ್ನು ಇಟ್ಟು ನೋಡಬೇಕಾದ್ದರಿಂದ ಎಲ್ಲವನ್ನೂ ಜೋಪಾನವಾಗಿಡಬೇಕಂತೆ.

ತಂಗಿಯು ಅವನ್ನು ಜಾತಕಗಳಿರುವ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಓಣಿಯಲ್ಲಿ ಯಾರಿಗೆ ಹಲ್ಲು ನೋವೆಂದರೂ ಅವನ್ನು ಹೊರತೆಗೆದು ಕಿಟಕಿಗೆ ಹಿಡಿದು ವಿವರಿಸುವದುಂಟು. ಚಿತ್ರದಲ್ಲಿ ನೋಡುವವರ ಎಡಕ್ಕೆ ಇರುವದು ರೋಗಿಯ ಬಲಗಡೆ ಎಂದು ಎಷ್ಟು ಸಲ ಹೇಳಿದರೂ, ಎಡದವಡೆಯೇ ಬಾತಿತ್ತೆಂದು ಈಗಲೂ ನಮ್ಮೊಡನೆ ವಾದಿಸುತ್ತಾಳೆ.